ಬಿಚ್ಚುವ ಮುನ್ನ ಓಡಿಸಿ: ಹಳೆಯ ಮಸಲ್ ಕಾರಿಗೆ ಮರುಜೀವ ಕೊಡುವ ಬಗೆ

ನನ್ನ 1972ರ ಷೆವರ್ಲೆ ಮಾಲಿಬು ಮನೆಗೆ ಬಂದದ್ದು ಎರಡು ಕಂತಿನಲ್ಲಿ. ಮೊದಲ ದಿನ ಟ್ರೇಲರ್ ಮೇಲೆ ಬಾಗಿಲುಗಳಿಲ್ಲದ ಬಾಡಿ ಬಂತು, ಮರುದಿನ ಹನ್ನೊಂದು ರಟ್ಟಿನ ಪೆಟ್ಟಿಗೆಗಳು ಬಂದವು. ಹಿಂದಿನ ಮಾಲೀಕರು ಹುಮ್ಮಸ್ಸಿನಲ್ಲಿ ಒಂದೇ ಬೇಸಿಗೆಯಲ್ಲಿ ಇಡೀ ಕಾರನ್ನು ಬಿಚ್ಚಿದ್ದರು. ಜೋಡಿಸಲು ಕೂತಾಗ ಯಾವ ಬೋಲ್ಟ್ ಎಲ್ಲಿಯದೆಂಬುದೇ ಮರೆತುಹೋಗಿತ್ತು. ಆ ಪೆಟ್ಟಿಗೆಗಳು ಮತ್ತೆ ಕಾರಾಗಲು ನನಗೆ ಆರು ವರ್ಷ ಹಿಡಿಯಿತು. ಅಮೆರಿಕದ ಡೆಟ್ರಾಯಿಟ್ ಸುತ್ತಲಿನ ಗ್ಯಾರೇಜುಗಳಲ್ಲಿ ಹೀಗೆ ಅರ್ಧಕ್ಕೆ ನಿಂತ ಕಾರುಗಳನ್ನು ಎಷ್ಟೋ ಕಂಡಿದ್ದೇನೆ. ಹಾಗಾಗಿ ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಓಡುವ ಕಾರನ್ನೇ ಕೊಳ್ಳಿ, ಓಡಿಸುತ್ತಲೇ ಒಂದೊಂದು ಭಾಗವನ್ನು ಸರಿಪಡಿಸಿ.

ಮಧ್ಯಮ ಗಾತ್ರದ ಅಗ್ಗದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದರೆ ಅದೇ ಮಸಲ್ ಕಾರು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಕಟ್ಟಳೆ ಜನರಲ್ ಮೋಟಾರ್ಸ್‌ನಲ್ಲಿತ್ತು. 1964ರಲ್ಲಿ ಅದರದೇ ಅಂಗವಾದ ಪಾಂಟಿಯಾಕ್, 389 ಘನ ಅಂಗುಲದ ಎಂಜಿನ್ನನ್ನು ‘ಹೆಚ್ಚುವರಿ ಆಯ್ಕೆ’ಯ ನೆಪದಲ್ಲಿ ಕೊಟ್ಟು ಜಿಟಿಒ ಕಾರನ್ನು ಬೀದಿಗಿಳಿಸಿತು. ಉಳಿದ ಕಂಪನಿಗಳೂ ಹಿಂದೆ ಬೀಳಲಿಲ್ಲ. ನಮ್ಮ ಅಂಬಾಸಿಡರ್ ಕಾರಿನ ಹಳೆಯ ಎಂಜಿನ್ 1,489 ಸಿಸಿ. ನನ್ನ ಮಾಲಿಬುವಿನದು 350 ಘನ ಅಂಗುಲ, ಅಂದರೆ 5.7 ಲೀಟರ್. ಗಾತ್ರ ಎಷ್ಟೇ ಇರಲಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅದರೊಳಗಿನ ಪಾಯಿಂಟ್ ಎರಡರಲ್ಲೂ ಉಂಟು. ಊರಿನಲ್ಲಿ ಅಂಬಾಸಿಡರ್ ಬಾನೆಟ್ ಎತ್ತಿ ನೋಡಿದವರಿಗೆ ಇಲ್ಲಿ ಅಪರಿಚಿತವಾದದ್ದು ಕಡಿಮೆ.

ಯಾವ ಕಾರು?

1968ರಿಂದ 1972ರವರೆಗಿನ ಷೆವರ್ಲೆ ಷೆವೆಲ್ ಕಲಿಯುವವರಿಗೆ ಒಳ್ಳೆಯದು. ಮಾಲಿಬು ಇದೇ ಕುಟುಂಬದ್ದು. ಲಕ್ಷಗಟ್ಟಲೆ ತಯಾರಾದ ಕಾರಾದ್ದರಿಂದ ಬಾಗಿಲಿನ ರಬ್ಬರಿನಿಂದ ಹಿಡಿದು ಡಿಕ್ಕಿಯ ತಳದವರೆಗೆ ಬಿಡಿಭಾಗಗಳು ಇಂದಿಗೂ ಹೊಸದಾಗಿ ಸಿಗುತ್ತವೆ. ‘ಎಸ್ಎಸ್’ (ಸೂಪರ್ ಸ್ಪೋರ್ಟ್) ಬಿಲ್ಲೆ ಕಂಡು ಮರುಳಾಗಿ ದುಬಾರಿ ಬೆಲೆ ತೆರಬೇಡಿ. 1969ರಿಂದ ಎಸ್ಎಸ್ ಎಂಬುದು ಹೆಚ್ಚುವರಿ ಆಯ್ಕೆಯಷ್ಟೇ ಆಗಿತ್ತು. ಚಾಸಿಸ್ ಸಂಖ್ಯೆಯಿಂದ ಅದು ತಿಳಿಯುವುದಿಲ್ಲ. ಕಾರಿಗೆ ಏನೇನು ಜೋಡಿಸಬೇಕೆಂದು ಬರೆದ ಕಾರ್ಖಾನೆಯ ಹಾಳೆ, ಅಂದರೆ ಬಿಲ್ಡ್ ಶೀಟ್ ಇದ್ದರೆ ಮಾತ್ರ ನಂಬಬಹುದು. ಅನೇಕ ಕಾರುಗಳಲ್ಲಿ ಆ ಹಾಳೆ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ಅಂಟಿಕೊಂಡಿರುತ್ತದೆ.

ನೋಡಲು ಹೋಗುವಾಗ ಬಟ್ಟೆ ಸುತ್ತಿದ ಆಯಸ್ಕಾಂತ ಜೇಬಿನಲ್ಲಿರಲಿ. ಹಿಂದಿನ ಚಕ್ರದ ಹಿಂಬದಿಯ ಕೆಳಭಾಗ, ಹಿಂಗಾಜಿನ ಮೂಲೆಗಳು ಮತ್ತು ಬಾಗಿಲುಗಳ ಕೆಳ ಅಂಚಿಗೆ ಹಿಡಿದು ನೋಡಿ. ಅಂಟದಿದ್ದರೆ ಬಣ್ಣದ ಕೆಳಗಿರುವುದು ತಗಡಲ್ಲ, ಪುಟ್ಟಿ. ಬಳಿಕ ಡಿಕ್ಕಿಯ ಚಾಪೆ ಎತ್ತಿ, ಕಾರಿನಡಿ ಮಲಗಿ, ಬಾಡಿ ಮತ್ತು ಚಾಸಿಸ್ ಕೂಡುವ ಜಾಗಗಳನ್ನು ತಿರುಪುಳಿಯಿಂದ ಕುಟ್ಟಿ ನೋಡಿ. ಕೆಟ್ಟ ಎಂಜಿನ್ನನ್ನು ಬದಲಿಸಬಹುದು. ತುಕ್ಕು ತಿಂದ ಬಾಡಿ ಮಾತ್ರ ಹೊಸಬರ ಉಳಿತಾಯವನ್ನೂ ಉತ್ಸಾಹವನ್ನೂ ಒಟ್ಟಿಗೇ ನುಂಗಿಬಿಡುತ್ತದೆ.

ಮೊದಲು ಬ್ರೇಕ್

ಎಲ್ಲರ ಕೈಯೂ ಮೊದಲು ಎಂಜಿನ್ನಿನ ಕಡೆಗೇ ಹೋಗುತ್ತದೆ. ತಡೆಯಿರಿ. ನಿಲ್ಲದ ಕಾರನ್ನು ಓಡಿಸುವಂತಿಲ್ಲ.

ಕಾರನ್ನು ಗಟ್ಟಿ ನೆಲದ ಮೇಲೆ ಎತ್ತಿ, ಚಾಸಿಸ್ಸಿನ ಅಡಿ ಸ್ಟ್ಯಾಂಡುಗಳನ್ನು ಕೊಡಿ. ಜಾಕ್ ಒಂದನ್ನೇ ನಂಬಿ ಯಾವತ್ತೂ ಕಾರಿನಡಿ ನುಸುಳಬೇಡಿ. ಹಳೆಯ ಡ್ರಮ್ಮುಗಳ ದೂಳಿನಲ್ಲಿ ಕಲ್ನಾರು ಇರಬಹುದು. ಗಾಳಿ ಹೊಡೆದು ಹಾರಿಸದೆ, ಒದ್ದೆ ಮಾಡಿ ಒರೆಸಿ ತೆಗೆಯಿರಿ. ಬ್ರೇಕ್ ಶೂ, ಚಕ್ರದ ಸಿಲಿಂಡರ್, ಪೆಡಲ್ ತುಳಿದಾಗ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಮತ್ತು ರಬ್ಬರ್ ಕೊಳವೆಗಳನ್ನು ಬದಲಿಸಿ. ಐವತ್ತು ವರ್ಷದ ರಬ್ಬರ್ ಕೊಳವೆ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಎಣ್ಣೆಯ ದಾರಿಯನ್ನು ಕಟ್ಟಿರುತ್ತದೆ. ಒಂದು ಬದಿಯ ಡ್ರಮ್ ಬಿಚ್ಚುವಾಗ ಇನ್ನೊಂದು ಬದಿಯದನ್ನು ಮುಟ್ಟಬೇಡಿ. ಸ್ಪ್ರಿಂಗ್ ಎಲ್ಲಿ ಸಿಕ್ಕಿಸಬೇಕೆಂದು ತಿಳಿಯದಾದಾಗ ಅದನ್ನೇ ನೋಡಿಕೊಳ್ಳಬಹುದು. ಕೊನೆಗೆ ಬ್ರೇಕ್ ಎಣ್ಣೆಯಲ್ಲಿ ಸೇರಿಕೊಂಡ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ.

ಈ ಒಂದು ಕೆಲಸದಲ್ಲೇ ಪಾನಾ ಹಿಡಿಯುವ ಹದ ಕೈಗೆ ಬರುತ್ತದೆ. ಬಿಚ್ಚುವ ಮುನ್ನ ಫೋಟೊ ತೆಗೆಯುವುದು, ಬಿಚ್ಚಿದ ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಮೇಲೆ ಹೆಸರು ಬರೆಯುವುದು ಕೂಡ ಇಲ್ಲಿಂದಲೇ ರೂಢಿಯಾಗಲಿ.

ಮಲಗಿದ ಎಂಜಿನ್ನನ್ನು ಎಬ್ಬಿಸುವುದು

ಕೊಳ್ಳುವಾಗ ಮಾಲೀಕರೇ ಸ್ಟಾರ್ಟ್ ಮಾಡಿ ತೋರಿಸಿದ್ದರೆ ಇದು ಬೇಡ. ವರ್ಷಗಟ್ಟಲೆ ನಿಂತ ಕಾರಾದರೆ ಕೀ ತಿರುಗಿಸುವ ಆತುರ ಬೇಡ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಎಂಟೂ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಟ್ಟು ಒಂದು ದಿನ ಕಾಯಿರಿ. ನಂತರ ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಕೈಯಿಂದಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಎಂಜಿನ್ ಆಯಿಲ್ ಬದಲಿಸಿ, ವಾಸನೆ ಹೊಡೆಯುವ ಹಳೆಯ ಪೆಟ್ರೋಲ್ ಹೊರಹಾಕಿ. ಪ್ಲಗ್ ತಂತಿಗಳನ್ನು 1-8-4-3-6-5-7-2 ಕ್ರಮದಲ್ಲಿ ಜೋಡಿಸಿ. ಈ ಷೆವರ್ಲೆ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಒಂದಾದ ಮೇಲೊಂದು ಹೊತ್ತುವ ಕ್ರಮ ಇದು. ಗ್ಯಾರೇಜಿನ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಇನ್ನು ಒಂದು ಋತುವಿಡೀ ಕಾರನ್ನು ಓಡಿಸಿ. ಎಲ್ಲಿ ಸೋರುತ್ತದೆ, ಎಲ್ಲಿ ಸದ್ದು, ಯಾವ ಗೇರಿನಲ್ಲಿ ಅದುರುತ್ತದೆ ಎಂದು ಬರೆದಿಡಿ. ಚಳಿಗಾಲದಲ್ಲಿ ಮಾಡಬೇಕಾದ ಕೆಲಸ ಆ ಪುಸ್ತಕದಲ್ಲೇ ಇರುತ್ತದೆ.

ಎಂಜಿನ್ ಬಿಚ್ಚುವ ಕಾಲ

ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಷನ್) ಕುಸಿದಿದ್ದರೆ, ಹೊಗೆ ನೀಲಿಯಾಗಿದ್ದರೆ ಮಾತ್ರ ಎಂಜಿನ್ ಇಳಿಸಿ. ಕ್ರ್ಯಾಂಕ್ ಹಿಡಿದಿಡುವ ಐದು ಮೇನ್ ಕ್ಯಾಪುಗಳಿಗೂ ಎಂಟು ಕನೆಕ್ಟಿಂಗ್ ರಾಡುಗಳಿಗೂ ತೆಗೆಯುವ ಮೊದಲೇ ಸಂಖ್ಯೆ ಹೊಡೆಯಿರಿ. ಅವು ತಮ್ಮ ಜಾಗಕ್ಕೇ, ಅದೇ ದಿಕ್ಕಿಗೇ ಮರಳಬೇಕು. ಸಿಲಿಂಡರುಗಳನ್ನು ಕೊರೆದು ಅಗಲಿಸುವ ಬೋರಿಂಗ್, ಕ್ರ್ಯಾಂಕನ್ನು ಉಜ್ಜಿ ನಯಗೊಳಿಸುವ ಗ್ರೈಂಡಿಂಗ್ ಮನೆಯಲ್ಲಿ ಆಗದ ಕೆಲಸ. ಅನುಭವಿ ಮಷಿನ್ ಶಾಪಿಗೆ ಕೊಡಿ. 1970 ಅಥವಾ ಅದಕ್ಕೂ ಹಿಂದಿನ ಎಂಜಿನ್ ಆದರೆ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟು ಹಾಕಿಸಿ, ಏಕೆಂದರೆ ಅವು ಸೀಸ ಬೆರೆತ ಪೆಟ್ರೋಲನ್ನು ನಂಬಿ ಮಾಡಿದವು.

ಜೋಡಿಸುವಾಗ ಪ್ರತಿ ಬೇರಿಂಗಿನ ಮೇಲೂ ಪ್ಲಾಸ್ಟಿಗೇಜ್ ಎಂಬ ಮೇಣದ ಎಳೆ ಇಟ್ಟು, ಕ್ಯಾಪ್ ಬಿಗಿದು, ಮತ್ತೆ ತೆಗೆದು, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂದು ಅಳೆಯಿರಿ. ಒಂದು ಅಂಗುಲದ ಸಾವಿರದಲ್ಲಿ ಎರಡು ಭಾಗದ ಆಸುಪಾಸಿನ ಸಂದು ಸಿಕ್ಕರೆ ಒಳ್ಳೆಯದು. ನನಗೆ ಈ ಇಡೀ ಹವ್ಯಾಸದಲ್ಲಿ ಅತ್ಯಂತ ಪ್ರಿಯವಾದ ಗಳಿಗೆ ಇದು: ಕಣ್ಣಿಗೆ ಕಾಣದ ಅಂತರವೊಂದು ಕೂದಲೆಳೆಯಷ್ಟು ಮೇಣದಲ್ಲಿ ಮೂಡಿ ಕಾಣುತ್ತದೆ.

ಪ್ರತಿ ಸಿಲಿಂಡರ್ ಹೆಡ್ಡಿಗೆ 17 ಬೋಲ್ಟುಗಳು. ನಡುವಿನಿಂದ ಅಂಚಿನತ್ತ ಸಾಗುತ್ತ, ಮೂರು ಸುತ್ತಿನಲ್ಲಿ 65 ಫೂಟ್-ಪೌಂಡಿಗೆ ಬಿಗಿಯಿರಿ. ಈ ಬೋಲ್ಟುಗಳ ತುದಿ ನೀರಿನ ಜಾಗಕ್ಕೆ ಇಳಿಯುವುದರಿಂದ ಬೋಲ್ಟಿನ ತಿರುಪು ಸುತ್ತುಗಳಿಗೆ ಸೀಲಂಟ್ ಹಚ್ಚಲೇಬೇಕು. ಹಚ್ಚದಿದ್ದರೆ ಕೂಲಂಟ್ ಮೇಲಕ್ಕೇರಿ ಸೋರುತ್ತದೆ.

ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಹೊಸದಾದರೆ ಅದಕ್ಕೆ ಸತುವಿನ ಅಂಶ ಹೆಚ್ಚಿರುವ ಆಯಿಲ್ ಬೇಕು. ಮೊದಲ ಸಲ ಹೊತ್ತಿಸುವ ಮುನ್ನ ಡಿಸ್ಟ್ರಿಬ್ಯೂಟರ್ ಕಳಚಿ, ಆ ತೂತಿನಿಂದ ಡ್ರಿಲ್ ಯಂತ್ರದಲ್ಲಿ ಆಯಿಲ್ ಪಂಪನ್ನು ತಿರುಗಿಸಿ, ಎಂಜಿನ್ನಿನ ಒಳಗೆಲ್ಲ ಆಯಿಲ್ ಹರಿಯುವಂತೆ ಮಾಡಿ. ಹೊತ್ತಿದ ಮೇಲೆ ಐಡಲ್‌ಗೆ, ಅಂದರೆ ಆಕ್ಸಿಲರೇಟರ್ ಒತ್ತದ ನಿಧಾನ ಓಟಕ್ಕೆ ಬಿಡಬೇಡಿ. 2,000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಲಿ. ಆರಿಸಿದ ಬಳಿಕ ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿ. ಲೋಹದ ಚೂರು ಕಾಣದಿದ್ದರೆ ಹೊಸ ಆಯಿಲ್ ತುಂಬಿಸಿ, ಬಣ್ಣದ ಅಂಗಡಿಯವರಿಗೆ ಫೋನ್ ಮಾಡಿ.