ಟ್ರೇನಿಂಗ್ ಹಾಲ್ ಬಿಡಿ, ವಾರ್ಡಿನ ಪ್ರಶ್ನೆಯಿಂದ ಶುರು ಮಾಡಿ

ಮಾನಸಿಕ ಆರೋಗ್ಯ ಕೇಂದ್ರಕ್ಕೆ ಹೊಸ ಸಾಫ್ಟ್‌ವೇರ್ ಬಂತು ಅಂದರೆ ಆಗುವುದು ಇಷ್ಟೇ. ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸುತ್ತಾರೆ, ಇಡೀ ದಿನ ಇಲ್ಲಿ ಒತ್ತಿ, ಅಲ್ಲಿ ಸೇವ್ ಮಾಡಿ ಅಂತ ತೋರಿಸುತ್ತಾರೆ, ಸಂಜೆ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಮಾರನೇ ದಿನ ನರ್ಸ್ ಮತ್ತೆ ರಿಜಿಸ್ಟರ್‌ನಲ್ಲೇ ಬರೆಯುತ್ತಾರೆ, ಬಿಡುವಾದಾಗ ಅದನ್ನೇ ಕಂಪ್ಯೂಟರಿಗೆ ಹತ್ತಿಸುತ್ತಾರೆ. ಒಂದಿದ್ದ ಕೆಲಸ ಎರಡಾಯಿತು. ಅವರನ್ನು ಬೈದು ಪ್ರಯೋಜನ ಇಲ್ಲ. ತುಂಬಿಸಿದ ಮಾಹಿತಿಯಿಂದ ತಮಗೇನೂ ವಾಪಸ್ ಸಿಗುವುದಿಲ್ಲ ಅಂತ ಗೊತ್ತಿದ್ದ ಮೇಲೆ ಯಾರು ತಾನೇ ಮನಸ್ಸಿಟ್ಟು ತುಂಬಿಸುತ್ತಾರೆ?

ಹಾಗಾಗಿ ಸಿಬ್ಬಂದಿಗೆ ಕಂಪ್ಯೂಟರ್ ಮಾಹಿತಿ ತುಂಬುವುದು, ಓದುವುದು ಕಲಿಸಬೇಕಾದವರು ಉಲ್ಟಾ ಕಡೆಯಿಂದ ಬನ್ನಿ.

ಮೊದಲು ಒಂದು ಪ್ರಶ್ನೆ ಹುಡುಕಿ

ಸಿಬ್ಬಂದಿಗೆ ನಿಜವಾಗಿ ತಲೆನೋವಾಗಿರುವ ಪ್ರಶ್ನೆ ಆಗಬೇಕು. ಉದಾಹರಣೆಗೆ ಕ್ಲೋಜಪಿನ್. ಬೇರೆ ಔಷಧಿಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆ ಇದು. ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡುತ್ತದೆ. ಅದಕ್ಕೇ ಶುರುವಿನ ತಿಂಗಳುಗಳಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. "ಈ ವಾರ ಯಾರ್‍ಯಾರ ಟೆಸ್ಟ್ ಬಾಕಿ ಇದೆ?" ಎಂಬ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಬರುವ ಹಾಗೆ ಮಾಡುವುದನ್ನೇ ಮೊದಲ ಪಾಠ ಮಾಡಿ. ಫಿಲ್ಟರ್ ಹಾಕುವುದು, ತಾರೀಖಿನ ಪ್ರಕಾರ ಜೋಡಿಸುವುದು, ಖಾಲಿ ಇರುವ ಸಾಲು ಹುಡುಕುವುದು ಎಲ್ಲವೂ ಇದರಲ್ಲೇ ಬಂದುಹೋಗುತ್ತದೆ. ಡೇಟಾ ಅನ್ನುವ ಪದವನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಬೀಳುವುದಿಲ್ಲ.

ಪರೀಕ್ಷೆ ಇಡಬೇಡಿ, ಪಕ್ಕದಲ್ಲಿ ನಿಂತು ನೋಡಿ

ಯಾರಿಗೆ ಎಷ್ಟು ಗೊತ್ತು ಎಂದು ಫಾರಂ ಕೊಟ್ಟು ಕೇಳಿದರೆ ಎಲ್ಲರೂ "ಚೆನ್ನಾಗಿ ಬರುತ್ತೆ" ಅಂತಲೇ ಟಿಕ್ ಮಾಡುತ್ತಾರೆ. ಒಂದು ಶಿಫ್ಟ್ ಅವರ ಜೊತೆ ಇರಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಯಾವ ವಿಷಯಕ್ಕೆ ಪಕ್ಕದವರನ್ನು ಕರೆಯುತ್ತಾರೆ, ಯಾರನ್ನು ಕರೆಯುತ್ತಾರೆ ಅಂತ ಗಮನಿಸಿ. ಆ ಕರೆಸಿಕೊಳ್ಳುವವರೇ ನಿಮ್ಮ ಮುಂದಿನ ತರಬೇತುದಾರರು. ಅವರು ಡಾಕ್ಟರೇ ಆಗಿರಬೇಕಿಲ್ಲ, ಎಷ್ಟೋ ಕಡೆ ರಿಸೆಪ್ಷನ್‌ನಲ್ಲಿ ಕೂರುವವರೇ ಎಲ್ಲರಿಗಿಂತ ಜಾಸ್ತಿ ತಿಳಿದಿರುತ್ತಾರೆ.

ತುಂಬುವಾಗಲೇ ಸರಿ ಮಾಡಿ

ಇಲ್ಲಿ ಎಲ್ಲಕ್ಕಿಂತ ಮುಖ್ಯ, ಖಾಲಿ ಬೇರೆ, ಸೊನ್ನೆ ಬೇರೆ. ರೋಗಿ "ಇಲ್ಲ" ಅಂದರೆ ಸೊನ್ನೆ, ಕೇಳಲೇ ಇಲ್ಲ ಅಂದರೆ ಖಾಲಿ. ಖಾಲಿ ಜಾಗಕ್ಕೆ ಸುಮ್ನೆ ಸೊನ್ನೆ ಹಾಕಿದರೆ ಖಿನ್ನತೆ ಇರುವವರೂ ಲೆಕ್ಕದಲ್ಲಿ ಆರಾಮಾಗಿ ಇದ್ದಂತೆ ಕಾಣುತ್ತಾರೆ. ತಾರೀಖಿನದೂ ಇದೇ ಕಥೆ. 03/04 ಅಂದರೆ ಒಬ್ಬರಿಗೆ ಏಪ್ರಿಲ್ 3, ಇನ್ನೊಂದು ಕಂಪ್ಯೂಟರಿಗೆ ಮಾರ್ಚ್ 4. ತಿಂಗಳನ್ನು ಅಕ್ಷರದಲ್ಲಿ ಬರೆಯುವ ಅಭ್ಯಾಸ ಮಾಡಿಸಿ, ಜಗಳವೇ ಇಲ್ಲ.

ಸಂಖ್ಯೆ ಓದುವುದನ್ನು ಕಲಿಸಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಪಿಎಚ್‌ಕ್ಯೂ-9 ಖಿನ್ನತೆಯ ಪ್ರಶ್ನಾವಳಿ ಎಲ್ಲರಿಗೂ ಗೊತ್ತಿರುವುದೇ ಅಲ್ವಾ, ಅದನ್ನೇ ತೆಗೆದುಕೊಳ್ಳಿ. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನಷ್ಟು ವಿಚಾರಿಸಬೇಕು ಅನ್ನುವುದು ವಾಡಿಕೆ. ಈಗ ಒಬ್ಬರ ಮೊತ್ತ 7 ಬಂದಿದೆ ಎಂದುಕೊಳ್ಳಿ. ಪರದೆ ಮೇಲೆ ಹಸಿರು ಬಣ್ಣ. ಆದರೆ 9ನೇ ಪ್ರಶ್ನೆ ಸಾಯುವ ಅಥವಾ ತನಗೇ ನೋವು ಮಾಡಿಕೊಳ್ಳುವ ಯೋಚನೆ ಕುರಿತದ್ದು, ಅದಕ್ಕೆ ಅವರು 2 ಕೊಟ್ಟಿದ್ದಾರೆ. ಮೊತ್ತ ಮಾತ್ರ ನೋಡಿದವರು ಅವರನ್ನು ಮನೆಗೆ ಕಳಿಸುತ್ತಾರೆ, ಸಾಲು ಸಾಲಾಗಿ ನೋಡಿದವರು ಕೂರಿಸಿಕೊಂಡು ಮಾತಾಡಿಸುತ್ತಾರೆ. ಇಂಥ ನಾಲ್ಕಾರು ಕಲ್ಪಿತ ಹಾಳೆಗಳನ್ನು ಮುಂದಿಟ್ಟು "ಇವರಲ್ಲಿ ಯಾರನ್ನು ಮೊದಲು ಕರೆಯುತ್ತೀರಿ?" ಎಂದು ಕೇಳಿ. ಚರ್ಚೆ ತಾನಾಗೇ ಹತ್ತಿಕೊಳ್ಳುತ್ತದೆ.

ಆಮೇಲೆ ಸರಾಸರಿ. ಐದು ಜನ ಆಪ್ತಸಮಾಲೋಚನೆಗೆ 5, 6, 7, 8 ಮತ್ತು 94 ದಿನ ಕಾದಿದ್ದಾರೆ. ಸರಾಸರಿ 24 ದಿನ ಬರುತ್ತದೆ, ಆದರೆ 24ರ ಹತ್ತಿರಕ್ಕೂ ಯಾರೂ ಇಲ್ಲ. ಮಧ್ಯದ ಸಂಖ್ಯೆ 7 ನೋಡಿದರೆ ಹೆಚ್ಚಿನವರ ಪರಿಸ್ಥಿತಿ ಅರ್ಥವಾಗುತ್ತದೆ, ಆದರೆ 94 ದಿನ ಕಾದವರು ಕಾಣೆಯಾಗುತ್ತಾರೆ. ಎರಡನ್ನೂ ನೋಡಬೇಕು, ಆ 94ರ ಫೈಲ್ ತೆಗೆದು ಯಾಕೆ ಹೀಗಾಯಿತು ಎಂದೂ ನೋಡಬೇಕು. ಮೀಟಿಂಗ್‌ನಲ್ಲಿ ಬರೀ ಸರಾಸರಿ ತೋರಿಸುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ ಅಂತ ನನ್ನ ಸಲಹೆ.

ಗುಟ್ಟು ಕಾಯುವುದು

ಸಲಹಾ ಕೋಣೆಯಲ್ಲಿ ಹೇಳಿದ ಮಾತು ಹೊರಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಫಿನ್ಲೆಂಡ್‌ನ ವಾಸ್ತಾಮೊ ಪ್ರಕರಣ ಹೇಳಿ. ಅದು ಮನೋಚಿಕಿತ್ಸೆ ಕೊಡುವ ಸಂಸ್ಥೆ. ದಾಖಲೆ ಕದ್ದವರು ಮೊದಲು ಸಂಸ್ಥೆಯ ಹತ್ತಿರ ಹಣ ಕೇಳಿದರು. 2020ರ ಅಕ್ಟೋಬರ್‌ನಲ್ಲಿ ನೇರವಾಗಿ ರೋಗಿಗಳಿಗೇ ಮೇಲ್ ಹಾಕಿ, ದುಡ್ಡು ಕೊಡದಿದ್ದರೆ ನಿಮ್ಮ ಮಾತುಕತೆಯ ಟಿಪ್ಪಣಿ ಬಯಲು ಮಾಡುತ್ತೇವೆ ಎಂದು ಹೆದರಿಸಿದರು. ಮರುವರ್ಷ ಸಂಸ್ಥೆಯೇ ದಿವಾಳಿ ಎದ್ದಿತು. ಪಾಸ್‌ವರ್ಡ್ ಹೇಗಿರಬೇಕು ಅನ್ನುವ ಸ್ಲೈಡ್‌ಗಳಿಗಿಂತ ಈ ಒಂದು ಘಟನೆ ಮನಸ್ಸಿಗೆ ನಾಟುತ್ತದೆ.

ಇಷ್ಟು ಹೇಳಿ, ದಿನನಿತ್ಯದ ವಿಷಯಕ್ಕೆ ಬನ್ನಿ. ಇಡೀ ವಾರ್ಡಿಗೆ ಒಂದೇ ಲಾಗಿನ್ ಬೇಡ. ಕೇಸ್ ಶೀಟಿನ ಫೋಟೋ ವಾಟ್ಸಾಪ್ ಗುಂಪಿಗೆ ಬೇಡ. ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯಲಿಲ್ಲ ಎಂಬುದನ್ನೂ ತಿಳಿಸಿ. ವರದಿಯಲ್ಲಿ "18ರ ಒಳಗಿನವರು, ಗಂಡು, ಈ ತಿಂಗಳು ದಾಖಲಾದವರು: 1" ಅಂತ ಬಂದರೆ ಆ ಒಬ್ಬ ಯಾರು ಅಂತ ಅಕ್ಕಪಕ್ಕದವರಿಗೆ ತಕ್ಷಣ ಗೊತ್ತಾಗುತ್ತದೆ.

ವಿಡಿಯೋ ಕಾಲ್‌ನಲ್ಲಿ ಸಮಾಲೋಚನೆ ಮಾಡುವವರಿಗೆ ಕ್ಯಾಮೆರಾ ಹಚ್ಚುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿ. ಈಗ ಎಲ್ಲಿದ್ದೀರಿ? ಪಕ್ಕದಲ್ಲಿ ಯಾರಾದರೂ ಇದ್ದಾರಾ? ಕಾಲ್ ಕಟ್ ಆದರೆ ಯಾವ ನಂಬರಿಗೆ ಮಾಡಲಿ? ತುರ್ತು ಬಂದರೆ ಯಾರನ್ನು ಕರೆಯಲಿ? ಎದುರಿಗಿದ್ದವರು ಅಳುತ್ತಿರುವಾಗ ನೆಟ್ ಹೋದರೆ ಈ ನಾಲ್ಕು ಉತ್ತರಗಳೇ ಕೈ ಹಿಡಿಯುವುದು.

ಸಮಯ ಎಲ್ಲಿಂದ ತರುವುದು?

ನಿಜವಾದ ಅಡ್ಡಿ ಇದೇ. ರಜೆಯ ದಿನ ಕರೆದು ಕಲಿಸಿದರೆ ಯಾರೂ ಕಲಿಯುವುದಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ, ಡ್ಯೂಟಿ ಸಮಯದಲ್ಲೇ, ಸುಳ್ಳು ಹೆಸರುಗಳ ನಕಲಿ ಕಡತದ ಮೇಲೆ ಅಭ್ಯಾಸ ಮಾಡಿಸಿ. ನಕಲಿ ಕಡತದಲ್ಲಿ ಏನು ಅಳಿಸಿದರೂ ಭಯವಿಲ್ಲ, ಭಯವಿಲ್ಲದಿದ್ದರೆ ಹಿರಿಯ ನರ್ಸ್‌ಗಳೂ ಧೈರ್ಯವಾಗಿ ಒತ್ತಿ ನೋಡುತ್ತಾರೆ. ಇನ್ನೊಂದು ಷರತ್ತು ಮೇಲಧಿಕಾರಿಗಳಿಗೆ. ಒಂದು ಹೊಸ ಫಾರಂ ತಂದರೆ ಒಂದು ಹಳೇ ರಿಜಿಸ್ಟರ್ ಮುಚ್ಚಬೇಕು. ಅದು ಆಗದಿದ್ದರೆ ಈ ಲೇಖನದ ಉಳಿದ ಯಾವ ಸಲಹೆಯೂ ನಡೆಯುವುದಿಲ್ಲ.

ಮೂರು ತಿಂಗಳಾದ ಮೇಲೆ ಎಷ್ಟು ಜನ ತರಬೇತಿಗೆ ಬಂದರು ಅಂತ ಎಣಿಸಬೇಡಿ. ರಕ್ತ ಪರೀಕ್ಷೆ ಬಾಕಿ ಇರುವವರ ಪಟ್ಟಿ ಚಿಕ್ಕದಾಗಿದೆಯಾ, ಫಾಲೋ ಅಪ್ ತಪ್ಪಿಸಿಕೊಂಡವರಿಗೆ ಅದೇ ವಾರ ಫೋನ್ ಹೋಗುತ್ತಿದೆಯಾ ನೋಡಿ. ಆಮೇಲೆ ಮುಂದಿನ ಪಾಠಕ್ಕೆ ಬೇಕಾದ ಎರಡನೇ ಪ್ರಶ್ನೆಯನ್ನು ನೀವು ಆರಿಸಬೇಡಿ, ಸಿಬ್ಬಂದಿಯೇ ತರಲಿ.