ತಾಂಡಾಕ್ಕೆ ಎರಡು ಜಾಗ

ಮುಂಡರಗಿ ತಾಲ್ಲೂಕಿನ ಒಂದು ಊರಲ್ಲಿ ನಾನು ಆಶಾ ಕಾರ್ಯಕರ್ತೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸದಸ್ಯ ಕಾರ್ಯದರ್ಶಿಯೂ ಹೌದು. ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ, ಅಂದರೆ ಯಾವುದಕ್ಕೆ ಖರ್ಚು ಮಾಡಬೇಕೆಂದು ಸಮಿತಿಯೇ ತೀರ್ಮಾನಿಸುವ ದುಡ್ಡು. ಬಹಳ ವರ್ಷ ಅದು ಗಟಾರ ಬಳಿಯಲು, ಬ್ಲೀಚಿಂಗ್ ಪೌಡರಿಗೆ ಹೋಯಿತು. ಕೆಟ್ಟ ಖರ್ಚೇನಲ್ಲ. ಆದರೆ ಸಭೆಗೆ ಬರುವವರೆಲ್ಲ ಅಗಸಿ (ಊರ ಬಾಗಿಲು) ಒಳಗಿನವರು, ಅವರು ದಿನಾ ನೋಡುವುದು ತಮ್ಮ ಓಣಿಯ ಗಟಾರವನ್ನೇ.

2013ರ ಮಾರ್ಗಸೂಚಿಯಂತೆ ಕನಿಷ್ಠ 15 ಸದಸ್ಯರು, ಅವರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು ಇರಬೇಕು. ನಮ್ಮ ಪಟ್ಟಿಯಲ್ಲಿ ಅವರ ಹೆಸರಿದ್ದವು. ಸಭೆ ಮಾತ್ರ ಮುಂಜಾನೆ 11ಕ್ಕೆ, ಪಂಚಾಯಿತಿ ಕಚೇರಿಯಲ್ಲಿ. ಕೂಲಿಯವರು ಆಗ ಹೊಲದಲ್ಲಿ. ಠರಾವು ಪುಸ್ತಕವೇ ಸಂಜೆ ಅವರ ಮನೆಗೆ ಹೋಗಿ ಸಹಿ ತರುತ್ತಿತ್ತು.

ಸಮಿತಿ ರಚನೆಯಾಗುವುದು ಕಂದಾಯ ಗ್ರಾಮದ ಲೆಕ್ಕದಲ್ಲಿ. ನಮ್ಮ ಊರಿಗೆ ಸೇರಿದ ಲಂಬಾಣಿ ತಾಂಡಾ ಬೇರೆ ಕಂದಾಯ ಗ್ರಾಮವಲ್ಲ, ಹಾಗಾಗಿ ಅದಕ್ಕೆ ಬೇರೆ ಸಮಿತಿ ಇಲ್ಲ. ಅಲ್ಲಿಂದ ಇದ್ದದ್ದು ಒಂದೇ ಹೆಸರು. ಆ ಮನೆಯವರು ಗೋವಾಕ್ಕೆ ಗುಳೆ ಹೋದರೆ ತಾಂಡಾದ ಪರ ಮಾತಾಡುವವರೇ ಇಲ್ಲ. ಮರುರಚನೆ ಬಂದಾಗ ಹಟ ಹಿಡಿದು ಇಬ್ಬರನ್ನು ಸೇರಿಸಿದೆ: ಗುಳೆ ಹೋಗುವ ಮನೆಯ ಸೊಸೆ, ಮತ್ತು ವರ್ಷವಿಡೀ ಊರಲ್ಲೇ ಉಳಿಯುವ, ಮೊಣಕಾಲು ನೋವಿನ ಒಬ್ಬ ಅಜ್ಜಿ. ಜಲ ಜೀವನ ಮಿಷನ್‌ನಲ್ಲಿ ನೀರು ಪರೀಕ್ಷೆಯ ತರಬೇತಿ ಪಡೆದಿದ್ದ ಸ್ವಸಹಾಯ ಸಂಘದ ಒಬ್ಬಾಕೆಯೂ ಬಂದರು. ಸಭೆಯನ್ನು ಸಂಜೆಗೆ ಸರಿಸಿ, ಒಂದು ತಿಂಗಳು ಊರಲ್ಲಿ, ಮರುತಿಂಗಳು ತಾಂಡಾದ ಅಂಗನವಾಡಿಯಲ್ಲಿ ಸೇರತೊಡಗಿದೆವು.

ತಾಂಡಾದಲ್ಲಿ ಕೂತ ಮೊದಲ ಸಲವೇ ಅಜ್ಜಿ ಅಂದರು, "ತಂಗೀ, ಗಟಾರದ ಮಾತು ಆಮ್ಯಾಲ ಆಡೂಣಂತ. ನಾವು ಕುಡಿಯೂದು ಬೋರಿನ ನೀರು. ಹುಡುಗರ ಹಲ್ಲು ನೋಡೀಯೇನು?"

ಮುಂಡರಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಇಲ್ಲಿ ಯಾರಿಗೂ ಹೊಸದಲ್ಲ. ಅದರಿಂದ ಕಂದು ಕಲೆ ಬಿದ್ದ ಮಕ್ಕಳ ಹಲ್ಲುಗಳನ್ನು ಲಸಿಕೆ ದಿನ ಎಲ್ಲರೂ ಕಂಡವರೇ. ಆದರೂ ನಮ್ಮ ಯೋಜನೆಯಲ್ಲಿ ಅದಕ್ಕೊಂದು ಸಾಲು ಬಿದ್ದದ್ದು ಅಂದೇ. ಕಿಟ್‌ನಲ್ಲಿ ನೋಡಿದರೆ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿತ್ತು. ಖಾತ್ರಿಗೆಂದು ಪ್ರಯೋಗಾಲಯಕ್ಕೂ ಕಳಿಸಿದೆವು.

ಹತ್ತು ಸಾವಿರದಲ್ಲಿ ನೀರಿನ ಕೆಲಸ ಆಗುವುದಿಲ್ಲ. ಠರಾವು ಬರೆದು ಗ್ರಾಮಸಭೆಗೆ ಒಯ್ದೆವು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲು ಕುಡಿಯುವ ನೀರಿಗೇ ಮೀಸಲಿತ್ತು, ಅದನ್ನೇ ಕೇಳಿದೆವು. ಸಮಿತಿ ಅಧ್ಯಕ್ಷರು ಪಂಚಾಯಿತಿ ಸದಸ್ಯೆ ಆಗಿದ್ದುದರ ಬೆಲೆ ನನಗೆ ತಿಳಿದದ್ದು ಆಗ. ಹೊರಗಿನಿಂದ ಅರ್ಜಿ ಕೊಟ್ಟವರ ಮಾತು ಅಷ್ಟು ದೂರ ಹೋಗುತ್ತಿರಲಿಲ್ಲ. ತಾಂಡಾಕ್ಕೆ ನದಿ ನೀರಿನ ನಳ ಎಳೆಯುವ ಕೆಲಸ ಪಂಚಾಯಿತಿ ಯೋಜನೆಗೆ ಸೇರಿತು.

ಇದೇ ರಚನೆಯಲ್ಲಿ ತೊಡಕೂ ಇದೆ. ಬ್ಯಾಂಕ್ ಖಾತೆಗೆ ಅಧ್ಯಕ್ಷರದೂ ನನ್ನದೂ ಜಂಟಿ ಸಹಿ. ಪಂಚಾಯಿತಿ ಅವಧಿ ಮುಗಿದರೆ ಹೊಸ ಸಹಿ ಬರುವತನಕ ದುಡ್ಡು ತೆಗೆಯಲಾಗದು. ಅದಕ್ಕೆ ಅವಧಿ ಮುಗಿಯುವ ಮೊದಲೇ ಆ ವರ್ಷದ ಖರ್ಚು ಮುಗಿಸುತ್ತೇವೆ. ಮುಂದಿನ ಮರುರಚನೆಯಲ್ಲೂ ತಾಂಡಾಕ್ಕೆ ಎರಡು ಜಾಗ ಇರಲೇಬೇಕೆಂದು ಠರಾವು ಪುಸ್ತಕದಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿದ್ದೇನೆ.