ಹೊಂಡ ತೋಡಿಸಿದರೆ ಸಾಲದು, ಬರದಲ್ಲಿ ಹೊಲ ಎಷ್ಟು ಉಳಿಯಿತು ಎಂದು ಅಳೆಯಿರಿ

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅಷ್ಟು ಹೊತ್ತಿಗೆ, ಮಳೆನೀರು ಹಿಡಿದಿಡಲು ಹೊಲದಲ್ಲಿ ಹೊಂಡ ತೋಡಿಸುವ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾಗಿ ಒಂಬತ್ತು ವರ್ಷ ಕಳೆದಿತ್ತು. ಎಷ್ಟು ಹೊಂಡ ತೋಡಲಾಯಿತು, ಎಷ್ಟು ಹೆಕ್ಟೇರಿಗೆ ಬದು ಹಾಕಲಾಯಿತು ಎಂಬ ಲೆಕ್ಕ ಕಚೇರಿಯ ಕಡತದಲ್ಲಿರುತ್ತದೆ. ಆದರೆ ಆ ಬರದಲ್ಲಿ ಹೊಂಡವಿದ್ದ ಹೊಲಕ್ಕೂ ಇಲ್ಲದ ಹೊಲಕ್ಕೂ ಎಷ್ಟು ಮೂಟೆ ರಾಗಿಯ ವ್ಯತ್ಯಾಸ ಬಂತು? ಹವಾಮಾನ ಬದಲಾವಣೆಗೆ ನಮ್ಮ ಬೇಸಾಯ ಒಗ್ಗಿಕೊಂಡಿದೆಯೇ ಇಲ್ಲವೇ ಎಂಬುದು ತಿಳಿಯುವುದು ಈ ಪ್ರಶ್ನೆಯಿಂದಲೇ. ಇದಕ್ಕೆ ಉತ್ತರ ಬರೆದಿಡಬಲ್ಲವರು ಹೊಲದವರು ಮಾತ್ರ. ಮಳೆಯನ್ನೇ ನಂಬಿ ಖುಷ್ಕಿ ರಾಗಿ ಬೆಳೆಯುವ ಕುಟುಂಬವೊಂದು ಅದನ್ನು ಹೇಗೆ ಮಾಡಬಹುದು ಎಂಬುದು ಇಲ್ಲಿದೆ. ಒಂದು ನೋಟ್ ಪುಸ್ತಕ, ಒಂದು ತಕ್ಕಡಿ, ಒಂದು ಅಳತೆ ಟೇಪು ಸಾಕು.

ಮೊದಲು ಯಾವ ಕಷ್ಟ ಎಂದು ಬರೆಯಿರಿ

‘ಹವಾಮಾನ’ ಎಂದು ಬರೆದರೆ ಅಳೆಯಲು ಏನೂ ಸಿಗುವುದಿಲ್ಲ. ‘ಮುಂಗಾರು ತಡವಾಗಿ ಬಿತ್ತನೆ ಪುಷ್ಯ ಮಳೆಗೆ ಹೋಗುತ್ತಿದೆ’, ‘ತೆನೆ ಬರುವ ಹೊತ್ತಿಗೆ ಮಳೆ ಕೈಕೊಡುತ್ತಿದೆ’, ‘ಕೊಯ್ಲಿನಲ್ಲಿ ಮಳೆ ಹಿಡಿದು ತೆನೆ ಕಪ್ಪಾಗುತ್ತಿದೆ’ ಎಂದು ಬರೆಯಿರಿ. ಅದರ ಎದುರಿಗೆ ನೀವು ಮಾಡುತ್ತಿರುವ ಬದಲಾವಣೆ ಬರೆಯಿರಿ: ಕಡಿಮೆ ದಿನದ ತಳಿ, ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ ಅಥವಾ ತೊಗರಿ, ಬದು, ಹೊಂಡ. ಒಂದು ಕಷ್ಟಕ್ಕೆ ಒಂದೇ ಬದಲಾವಣೆಯಿಂದ ಆರಂಭಿಸುವುದು ಒಳ್ಳೆಯದು. ಒಟ್ಟಿಗೆ ನಾಲ್ಕು ಮಾಡಿದರೆ ಯಾವುದರಿಂದ ಫಲ ಬಂತು ಎಂದು ಹೇಳಲಾಗದು.

ಮಳೆಯ ಪುಟ

ಮಳೆಯ ಲೆಕ್ಕವಿಲ್ಲದ ಇಳುವರಿ ಲೆಕ್ಕ ಅರ್ಧ ಸತ್ಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ಅದರ ಅಂಕಿ ತೆಗೆದುಕೊಳ್ಳಿ. ಆದರೂ ಕೆರೆಯ ಆಚೆ ಸುರಿದ ಮಳೆ ಈಚೆ ಹನಿಯದಿರುವುದು ರೈತರಿಗೆ ಹೊಸದಲ್ಲ. ಹಾಗಾಗಿ ಹೊಲದಲ್ಲೇ ಒಂದು ಮಾಪಕ ಇರಲಿ. ಬಾಯಿಯಿಂದ ತಳದವರೆಗೆ ನೇರ ಗೋಡೆಯಿರುವ, ಚಪ್ಪಟೆ ತಳದ ಯಾವ ಡಬ್ಬಿಯಾದರೂ ಸರಿ. ಅದರಲ್ಲಿ ನಿಂತ ನೀರಿನ ಎತ್ತರವೇ ಬಿದ್ದ ಮಳೆ, ಬಾಯಿ ಎಷ್ಟು ಅಗಲವಿದ್ದರೂ ಲೆಕ್ಕ ಬದಲಾಗದು. ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ಅಲುಗದಂತೆ ನಿಲ್ಲಿಸಿ. ಬೆಳಿಗ್ಗೆ 8.30ಕ್ಕೆ ಮಿಲಿಮೀಟರ್ ಪಟ್ಟಿಯಿಂದ ಅಳೆದು, ನೀರು ಚೆಲ್ಲಿ, ಬರೆಯಿರಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುವುದರಿಂದ ಹೋಲಿಸಲು ಸುಲಭ.

ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಯಿರಿ. ಮನೆಯ ಹಿರಿಯರ ನೆನಪು ಇರುವುದು ಆರಿದ್ರಾ, ಮಘೆ, ಉತ್ತರೆಯ ಲೆಕ್ಕದಲ್ಲಿ. ನಿಮ್ಮ ಪುಸ್ತಕವನ್ನು ಆ ನೆನಪಿನ ಜೊತೆ ಇಟ್ಟು ನೋಡಲು ಬೇರೆ ದಾರಿಯಿಲ್ಲ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆ ದಿನ’. ಎರಡು ಮಳೆ ದಿನಗಳ ನಡುವೆ ಎರಡು ವಾರ ದಾಟಿದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ವರ್ಷದ ಒಟ್ಟು ಮಳೆಗಿಂತ ಈ ಕೆಂಪು ಗೆರೆಗಳೇ ಬೆಳೆಯ ಹಣೆಬರಹ ಹೇಳುತ್ತವೆ.

ಹಳೆಯ ಪದ್ಧತಿಗೂ ಒಂದು ಪಟ್ಟಿ ಜಾಗ ಬಿಡಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಈ ವರ್ಷದ ಇಳುವರಿಯನ್ನು ಹೋದ ವರ್ಷದ್ದಕ್ಕೆ ಹೋಲಿಸಿದರೆ ನೀವು ಅಳೆದದ್ದು ಮಳೆಯನ್ನೇ ಹೊರತು ನಿಮ್ಮ ಪ್ರಯತ್ನವನ್ನಲ್ಲ. ಅದೇ ಹೊಲದಲ್ಲಿ, ಅದೇ ಮಣ್ಣಿನಲ್ಲಿ ಐದೋ ಹತ್ತೋ ಗುಂಟೆಯನ್ನು ಹಳೆಯ ರೀತಿಯಲ್ಲೇ ಬಿತ್ತಿ. ಎರಡಕ್ಕೂ ಒಂದೇ ಮಳೆ, ಒಂದೇ ಬಿಸಿಲು. ಆಗ ಕಾಣುವ ವ್ಯತ್ಯಾಸ ಬಹುಮಟ್ಟಿಗೆ ನೀವು ಮಾಡಿದ ಬದಲಾವಣೆಯದ್ದು.

ಕೊಯ್ಲಿಗೆ ಮೊದಲು ಎರಡೂ ಕಡೆ 5 ಮೀಟರ್‌ಗೆ 5 ಮೀಟರ್ ಚೌಕ ಹಾಕಿ. ಕಣ್ಣಿಗೆ ಚೆಂದ ಕಂಡ ಜಾಗದಲ್ಲಿ ಹಾಕಬೇಡಿ. ಹೆಜ್ಜೆಗಳ ಸಂಖ್ಯೆ ಬರೆದ ಚೀಟಿಗಳಲ್ಲಿ ಎರಡನ್ನು ಮಗುವಿನ ಕೈಯಿಂದ ಎತ್ತಿಸಿ, ಬದುವಿನ ಮೂಲೆಯಿಂದ ಒಂದು ಸಂಖ್ಯೆಯಷ್ಟು ಉದ್ದಕ್ಕೆ, ಇನ್ನೊಂದರಷ್ಟು ಒಳಕ್ಕೆ ನಡೆದು, ನಿಂತಲ್ಲೇ ಗೂಟ ಹೊಡೆಯಿರಿ. ಆ ಚೌಕದ ತೆನೆಯನ್ನು ಬೇರೆಯಾಗಿ ಕೊಯ್ದು, ಒಣಗಿಸಿ, ಬಡಿದು, ತೂರಿ ತೂಗಿ. ಬಂದ ಕಿಲೋವನ್ನು 162ರಿಂದ ಗುಣಿಸಿದರೆ ಎಕರೆ ಇಳುವರಿ: 4 ಕಿಲೋ ಬಂದರೆ ಎಕರೆಗೆ ಸುಮಾರು ಆರೂವರೆ ಕ್ವಿಂಟಲ್. ಹುಲ್ಲನ್ನೂ ತೂಗಿ. ಬರದ ವರ್ಷ ದನಗಳನ್ನು ಸಂತೆಗೆ ಹೊಡೆಯದಂತೆ ತಡೆಯುವುದು ಮೆದೆಯಲ್ಲಿರುವ ಆ ಹುಲ್ಲೇ.

ಹೊಂಡದ ಲೆಕ್ಕ

ಮೇಲೆ 12 ಮೀಟರ್ ಚೌಕ, 3 ಮೀಟರ್ ಆಳ, ಒಂದಕ್ಕೊಂದು ಇಳಿಜಾರಿನ (ಮೀಟರ್ ಆಳಕ್ಕೆ ಮೀಟರ್ ಒಳಕ್ಕೆ ಸರಿಯುವ) ಬದಿಯ ಹೊಂಡ ತುಂಬಿದರೆ ಸುಮಾರು 2.5 ಲಕ್ಷ ಲೀಟರ್. ಎಕರೆಗೆ 20 ಮಿ.ಮೀ. ಮಳೆಯಷ್ಟು ನೀರು ಕೊಡಲು ಸುಮಾರು 81,000 ಲೀಟರ್ ಬೇಕು. ಅಂದರೆ ಒಂದು ಎಕರೆಗೆ ಮೂರು ಬಾರಿ, ಅದೂ ಆವಿಯಾಗದೆ, ಇಂಗದೆ ಉಳಿದರೆ. ಕೋಲಿಗೆ ಗುರುತು ಹಾಕಿ ಹೊಂಡದಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಮಟ್ಟ ಬರೆಯಿರಿ. ಯಾವ ದಿನ ನೀರು ಕೊಟ್ಟಿರಿ, ಆಗ ಬೆಳೆ ಯಾವ ಹಂತದಲ್ಲಿತ್ತು, ಡೀಸೆಲ್ ಎಷ್ಟು ಲೀಟರ್ ಆಯಿತು ಎಂಬುದೂ ಬೇಕು. ನೀರು ಎಲ್ಲಿಂದ ಬಂತು ಎಂಬುದಕ್ಕೂ ಒಂದು ಕಾಲಂ ಇಡಿ. ಮಹಾರಾಷ್ಟ್ರದ ಕೆಲವು ಭಾಗಗಳಲ್ಲಿ ಮಳೆನೀರಿಗೆಂದು ತೋಡಿದ ಹೊಂಡಗಳಿಗೆ ಅಂತರ್ಜಲವನ್ನೇ ಎತ್ತಿ ತುಂಬಿಸಲಾಗಿದೆ. ಹಾಗೆ ತುಂಬಿದ ಹೊಂಡ ಒಬ್ಬರ ಬೆಳೆ ಉಳಿಸಿ ಊರಿನ ಕೊಳವೆ ಬಾವಿ ಬತ್ತಿಸುತ್ತದೆ, ಅದನ್ನು ಪ್ರಗತಿ ಎಂದು ಎಣಿಸಲಾಗದು.

ಮಣ್ಣು, ಖರ್ಚು

ಮಣ್ಣಿನ ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಇಲ್ಲಿ ಮುಖ್ಯವಾದದ್ದು ಸಾವಯವ ಇಂಗಾಲ. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಒಳ್ಳೆಯದು. ಮೂರು ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಗೊಬ್ಬರ ಹಾಕುವ ಮೊದಲು, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಇದು ನಿಧಾನವಾಗಿ ಏರುವ ಅಂಕಿ, ಒಂದೇ ವರ್ಷದ ಏರಿಳಿತಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಖರ್ಚಿನ ಪುಟದಲ್ಲಿ ಮನೆಯವರ ದುಡಿಮೆಗೂ ಕೂಲಿ ಹಾಕಿ. ಹೊಸ ಪದ್ಧತಿಯಿಂದ ಹೆಂಗಸರಿಗೆ ಕಳೆ ಕೀಳುವ ಕೆಲಸ ದುಪ್ಪಟ್ಟಾಗಿದ್ದರೆ ಅದು ಪುಸ್ತಕದಲ್ಲಿ ಕಾಣಬೇಕು. ಯೂರಿಯಾ ಮೂಟೆಗಳನ್ನೂ ಬರೆದಿಡಿ. ಹವಾಮಾನ ಜಾಣ ಕೃಷಿ ಎಂಬ ಕಲ್ಪನೆಯನ್ನು ಮುಂದಿಟ್ಟ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಳುವರಿ, ಹೊಂದಾಣಿಕೆಗಳ ಜೊತೆ ಹಸಿರುಮನೆ ಅನಿಲ ತಗ್ಗಿಸುವುದನ್ನೂ ಕೇಳುತ್ತದೆ. ಅದಕ್ಕೆ ಸದ್ಯಕ್ಕೆ ಯೂರಿಯಾ ಮತ್ತು ಡೀಸೆಲ್ ಲೆಕ್ಕ ಸಾಕು.

ಕೆಟ್ಟ ವರ್ಷ ಬಂದಾಗ ಪುಸ್ತಕ ತೆರೆಯಿರಿ

ಉದಾಹರಣೆಗೆ, ಮಳೆ ಚೆನ್ನಾಗಿದ್ದ ವರ್ಷ ಹಳೆಯ ಪಟ್ಟಿಯಲ್ಲಿ ಎಕರೆಗೆ 9 ಕ್ವಿಂಟಲ್, ಹೊಸದರಲ್ಲಿ 8 ಬಂತು ಎನ್ನೋಣ. ಅಲ್ಲಿಗೇ ನಿಲ್ಲಿಸಿದರೆ ಹೊಸದು ಸೋತಿತು ಎನ್ನುತ್ತೀರಿ. ಮುಂದಿನ ಬರದಲ್ಲಿ ಹಳೆಯದು 3ಕ್ಕೆ ಕುಸಿದು ಹೊಸದು 5ಕ್ಕೆ ನಿಂತರೆ? ಕೆಟ್ಟ ವರ್ಷದ ಇಳುವರಿಯನ್ನು ಒಳ್ಳೆಯ ವರ್ಷದ್ದರಿಂದ ಭಾಗಿಸಿ. ಹಳೆಯದು ಉಳಿಸಿಕೊಂಡದ್ದು ಮೂರರಲ್ಲಿ ಒಂದು ಪಾಲು, ಹೊಸದು ಅರ್ಧಕ್ಕೂ ಹೆಚ್ಚು. ಸಾಲಕ್ಕೆ ಕೈಚಾಚಬೇಕೇ, ಗುಳೆ ಹೋಗಬೇಕೇ ಎಂಬುದನ್ನು ತೀರ್ಮಾನಿಸುವುದು ಈ ಅಂಕಿ.

ಒಂದೇ ಪಂಚಾಯಿತಿಯ ಏಳೆಂಟು ಮನೆಗಳು ಹೀಗೆ ಬರೆದಿಟ್ಟರೆ ಲೆಕ್ಕದ ತೂಕವೇ ಬೇರೆ. ಒಕ್ಕಣೆ ಮುಗಿದ ಮೇಲೆ ಪುಸ್ತಕಗಳನ್ನು ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಬರ, ನೆರೆ ತಾಳುವ ಬೇಸಾಯಕ್ಕಾಗಿ ಭಾರತೀಯ ಕೃಷಿ ಸಂಶೋಧನಾ ಮಂಡಳಿ 2011ರಲ್ಲಿ ಆರಂಭಿಸಿದ ನಿಕ್ರಾ ಯೋಜನೆಯೂ ಆಯ್ದ ಹಳ್ಳಿಗಳಲ್ಲಿ ಈ ವಿಜ್ಞಾನ ಕೇಂದ್ರಗಳ ಮೂಲಕವೇ ನಡೆದಿದೆ, ಅವರಿಗೆ ಇಂಥ ಲೆಕ್ಕ ಹೊಸದಲ್ಲ. ಎರಡು ಕೆಟ್ಟ ವರ್ಷಗಳಲ್ಲೂ ಹಳೆಯ ಪಟ್ಟಿಗಿಂತ ಮೇಲೇಳದ ಕ್ರಮವನ್ನು ಕೈಬಿಡಿ. ಆದರೆ ಅದರ ಪುಟವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ನಡಾವಳಿಯಲ್ಲಿ ಬರೆಸಿ.